ಏಳನೇ ಹಂತದಲ್ಲಿದ್ದ ಸಾಲು

ವೆಬ್‌ಸೈಟ್ ಕಟ್ಟುವ ಉಚಿತ ತಂತ್ರಾಂಶವೊಂದರ ಕೈಪಿಡಿಯನ್ನು ನಾವು ಕೆಲವರು ಬಿಡುವಿನಲ್ಲಿ ತಿದ್ದುತ್ತೇವೆ. ಅದರ ಏಳನೇ ಹಂತದಲ್ಲಿ, ‘ಈಗ ಹಿಂದಿನಿಂದ ಯಾರಾದರೂ ಕರೆದರೆ ಓಗೊಡಬೇಡಿ’ ಎಂಬ ಸಾಲಿತ್ತು. ಯಾರದೋ ತಮಾಷೆಯೆಂದು ಅಳಿಸಿದೆ.

ಕಂಪ್ಯೂಟರನ್ನು ಸಂಜೆ ತರಗತಿಯಲ್ಲಿ ಕಲಿತವಳು ನಾನು. ತಪ್ಪಾಗಿದ್ದೀತೆಂಬ ಭಯಕ್ಕೆ ಮರುದಿನ ಮಧ್ಯಾಹ್ನ ಅಮೆರಿಕದ ಡುಲೂತ್ ಊರಿನ ನನ್ನ ಅಡುಗೆಮನೆಯಲ್ಲಿ ಕುಳಿತು ಎಲ್ಲ ಹಂತಗಳನ್ನೂ ಮಾಡಿ ನೋಡಿದೆ. ಏಳಕ್ಕೆ ಬಂದಾಗ ಫ್ರಿಜ್ಜಿನ ಸದ್ದು ನಿಂತಿತು. ಕೀಲಿಮಣೆ ತಣ್ಣಗಾಯಿತು. ತೀರಿಹೋದ ಅಕ್ಕನ ದನಿ ಬೆನ್ನ ಹಿಂದಿನಿಂದ ಎರಡು ಸಲ ಕರೆಯಿತು. ತುಟಿ ಕಚ್ಚಿಕೊಂಡು ಕುಳಿತೆ.

ಆಮೇಲೆ ತಂಡದ ಹಿರಿಯಳಾದ ಡೋರೀನ್‌ಗೆ ಫೋನ್ ಮಾಡಿದೆ.

“ಅದನ್ಯಾಕೆ ಮುಟ್ಟೋಕೆ ಹೋದ್ಯೇ ಮಾರಾಯ್ತಿ?”

“ತಮಾಷೆ ಅಂದ್ಕೊಂಡೆ.”

“ನಿನ್ನೆಯಿಂದ ನಾನೂರು ಜನ ಓದಿದಾರೆ. ಮೊದಲು ವಾಪಸ್ ಹಾಕು.”

ಹಾಕಿದೆ. ಅಷ್ಟರಲ್ಲಿ ಓದುಗರ ಪ್ರಶ್ನೆಗಳ ಪುಟಕ್ಕೆ ಹೊಸದೊಂದು ಬಂದಿತ್ತು: ‘ಓಗೊಟ್ಟುಬಿಟ್ಟೆ. ಮುಂದಿನ ಹಂತ ಯಾವುದು?’