ನೀರಿನ ಬಾಟಲಿಯಲ್ಲಿ ಅಯೋಡಿನ್

ನಲವತ್ತೊಂದು ಟ್ಯೂಬುಗಳಲ್ಲಿ ನಲವತ್ತು ಟ್ಯೂಬುಗಳ ಹಳದಿ ಬಣ್ಣ ನೋಡನೋಡುತ್ತಿದ್ದಂತೆ ಮಾಯವಾಯಿತು. ಒಂದು ಮಾತ್ರ ಹಳದಿಯಾಗಿಯೇ ಉಳಿಯಿತು.

ಪ್ರಯೋಗಾಲಯದ ಹಿರಿಯ ತಂತ್ರಜ್ಞೆ, ಎಲ್ಲರ ಬಾಯಲ್ಲೂ ‘ಲ್ಯಾಬಕ್ಕ’, ಹುಬ್ಬು ಗಂಟಿಕ್ಕಿದಳು. ಮೂತ್ರದಲ್ಲಿ ಅಯೋಡಿನ್ ಹೆಚ್ಚಿದ್ದಷ್ಟೂ ಈ ಹಳದಿ ಬೇಗ ಹೋಗುತ್ತದೆ. ಹೆರಿಗೆ ಆಸ್ಪತ್ರೆಯ ನಲವತ್ತು ಬಸುರಿಯರಿಗೆ ಅಯೋಡಿನ್ ಮಾತ್ರೆ ಶುರುವಾಗಿ ಆರು ವಾರವಾಗಿತ್ತು. ಅದು ಮೈಗೆ ಹತ್ತಿದೆಯೇ ಎಂದು ನೋಡುವ ಪರೀಕ್ಷೆ ಇದು. ಅಯೋಡಿನ್ ಸಾಲದಿದ್ದರೆ ತಾಯಿಯ ಥೈರಾಯ್ಡ್ ಗ್ರಂಥಿ ಬಳಲುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೂ ಪೆಟ್ಟು.

ಅವಳು ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿದಳು.

“ಒಬ್ಬರು ಬಿಟ್ಟು ಎಲ್ಲರಿಗೂ ಅಯೋಡಿನ್ ಏರಿದ್ಯಾ? ಒಳ್ಳೇ ಸುದ್ದಿ ಅಲ್ವಾ?”

“ಏರಿರೋದು ಐವತ್ತು ಪಟ್ಟು, ಡಾಕ್ಟ್ರೇ. ನಾವಿಟ್ಟ ನೀರೂ ಬಸುರಾಗಿದೆ.”

ಪರೀಕ್ಷೆ ಸರಿಯಿದೆಯೇ ಎಂದು ತಿಳಿಯಲು ಇಬ್ಬರೂ ಸೇರಿ ಒಂದು ಬಾಟಲಿಯಲ್ಲಿ ಬರೀ ಶುದ್ಧ ನೀರು ತುಂಬಿ, ಸುಳ್ಳು ನಂಬರು ಅಂಟಿಸಿ, ಶನಿವಾರ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಉಳಿದವುಗಳ ನಡುವೆ ಇಟ್ಟಿದ್ದರು. ಆ ನೀರಲ್ಲೂ ಅಯೋಡಿನ್!

“ಯಾರೋ ಬೆರೆಸಿದಾರೆ,” ಅಂದಳು ಲ್ಯಾಬಕ್ಕ. “ನಾನೇ ಬರ್ತೀನಿ.”

*

ಮೊದಲ ಅನುಮಾನ ಡ್ರೈವರಣ್ಣನ ಮೇಲೆ. ಸೋಮವಾರ ಬೆಳಿಗ್ಗೆ ಬಾಟಲಿಗಳ ಪೆಟ್ಟಿಗೆ ತಂದವನು ಅವನೇ. ಅವನ ವ್ಯಾನಿನ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಗಾಯಕ್ಕೆ ಹಚ್ಚುವ ಕಂದು ಬಣ್ಣದ ಅಯೋಡಿನ್ ಔಷಧಿ ಸಿಕ್ಕಿತು, ಅರ್ಧ ಖಾಲಿ.

“ಅಯ್ಯೋ ಅಕ್ಕಾ, ಮೊಣಕೈ ಕೆತ್ತಿಹೋಗಿತ್ತು, ಅದಕ್ಕೆ ಹಚ್ಕೊಂಡೆ!” ಅವನು ತೋಳು ಮಡಚಿ ಗಾಯ ತೋರಿಸಿದ. “ಬೇರೆಯವರ ಉಚ್ಚೆಗೆ ಔಷಧಿ ಹಾಕೋಕೆ ನಂಗೇನು ತಲೆ ಕೆಟ್ಟಿದ್ಯಾ?”

ಲ್ಯಾಬಕ್ಕನಿಗೆ ನಗು ಬಂತು. ನಕ್ಕವಳು ತಟ್ಟನೆ ಕೇಳಿದಳು: “ಎಲ್ಲಾ ಬಾಟಲಿ ಫ್ರಿಜ್ಜಿಂದಲೇ ತಗೊಂಡ್ಯಾ?”

“ಒಂದು ಬಿಟ್ಟು. ಟೈಲರಮ್ಮ ಶನಿವಾರ ಬಂದಿರ್ಲಿಲ್ಲ. ಸೋಮವಾರ ನಾನು ಹೊರಡೋ ಹೊತ್ತಿಗೆ ಓಡೋಡಿ ಬಂದು ಕೊಟ್ರು.”

ಹಳದಿಯಾಗಿಯೇ ಉಳಿದ ಟ್ಯೂಬು ಟೈಲರಮ್ಮನದೇ.

*

ಟೈಲರಮ್ಮ ಐದು ತಿಂಗಳ ಬಸುರಿ. ಹೊಲಿಗೆ ಯಂತ್ರದ ಮುಂದೆ ಕುಳಿತೇ ಮಾತಾಡಿದಳು.

“ಮಾತ್ರೆ ತಪ್ಪದೆ ತಗೋತಿದೀರಾ?”

“ಕಬ್ಬಿಣದ್ದು ತಗೋತಿದೀನಲ್ಲ. ಅಯೋಡಿನ್ನಾ? ಅದ್ಯಾವ ಮಾತ್ರೆ? ನಂಗೆ ಯಾರೂ ಕೊಟ್ಟಿಲ್ವಲ್ಲ ಅಕ್ಕಾ.” ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. “ನನ್ನ ಮಗೂಗೆ ಏನೂ ಆಗಲ್ಲ ತಾನೆ?”

“ಇವತ್ತೇ ಶುರುಮಾಡ್ತೀವಿ. ಪರೀಕ್ಷೆನೂ ಮಾಡ್ತಾ ಇರ್ತೀವಿ. ನಿಮ್ಮನ್ನ ನಡುನೀರಲ್ಲಿ ಬಿಡಲ್ಲ,” ಅಂದಳು ಲ್ಯಾಬಕ್ಕ.

ಆಸ್ಪತ್ರೆಯ ರಿಜಿಸ್ಟರಿನಲ್ಲಿ ಟೈಲರಮ್ಮನ ಹೆಸರಿನ ಮುಂದೆ ವಾರವಾರವೂ ‘ಕೊಟ್ಟಿದೆ’ ಎಂದು ಬರೆದಿತ್ತು. ಅಕ್ಷರ ದುಂಡಗಿತ್ತು. ಅದು ಮಾತ್ರೆ ಹಂಚುವ ಹಿರಿಯ ನರ್ಸ್ ‘ದೊಡ್ಡ ಸಿಸ್ಟರ್’ ಅವರ ಕೈಬರಹ. ಮೂವತ್ತು ವರ್ಷ ಹೆರಿಗೆ ಮಾಡಿಸಿದ ಕೈ.

*

ಡಾಕ್ಟರಮ್ಮನ ಕೋಣೆಯಲ್ಲಿ ಅವರು, ದೊಡ್ಡ ಸಿಸ್ಟರ್, ಲ್ಯಾಬಕ್ಕ ಮೂವರೂ ಕುಳಿತರು. ಲ್ಯಾಬಕ್ಕ ಸುತ್ತಿಬಳಸಲಿಲ್ಲ.

“ಟೈಲರಮ್ಮನ ಬಾಟಲಿಯೂ ಅದೇ ವ್ಯಾನಲ್ಲಿ, ಅದೇ ಪೆಟ್ಟಿಗೇಲಿ ಬಂತು. ಅದೊಂದು ಚೊಕ್ಕಟವಾಗಿದೆ. ಅಂದ್ಮೇಲೆ ದಾರೀಲೂ ಬೆರೆಸಿಲ್ಲ, ಲ್ಯಾಬಲ್ಲೂ ಬೆರೆಸಿಲ್ಲ. ಬೆರೆಸಿದ್ದು ಇಲ್ಲೇ, ಶನಿವಾರ ಬಾಟಲಿ ಇಟ್ಟ ಮೇಲೆ, ಸೋಮವಾರದೊಳಗೆ, ಫ್ರಿಜ್ಜಲ್ಲಿ. ಅದರ ಬೀಗದ ಕೈ ಇರೋದು ನಿಮ್ಮಿಬ್ಬರ ಹತ್ರ ಮಾತ್ರ.”

“ಹಾಗಾದ್ರೆ ಡಾಕ್ಟ್ರನ್ನೂ ಕೇಳಿ,” ಅಂದರು ದೊಡ್ಡ ಸಿಸ್ಟರ್.

“ಒಂದು ಬಾಟಲೀಲಿ ಬರೀ ನೀರಿದೆ ಅಂತ ಡಾಕ್ಟ್ರಿಗೆ ಗೊತ್ತಿತ್ತು, ಸಿಸ್ಟರ್. ಅವರಾಗಿದ್ರೆ ಅದನ್ನ ಮುಟ್ತಿರ್ಲಿಲ್ಲ. ಬಾಟಲಿಗಳು ಬಿಳೀ ಪ್ಲಾಸ್ಟಿಕ್, ಒಳಗಿರೋದು ಕಾಣ್ಸಲ್ಲ. ಗೊತ್ತಿಲ್ಲದೋರು ಎಲ್ಲಕ್ಕೂ ಒಂದೊಂದು ಹನಿ ಹಾಕಿದ್ರು.”

ಲ್ಯಾಬಕ್ಕ ಇನ್ನೊಂದು ಹಾಳೆ ಮುಂದಿಟ್ಟಳು. “ಇದು ಬಸುರಿಯರ ರಕ್ತದ ವರದಿ. ರಕ್ತ ತೆಗೆದ ಕೂಡ್ಲೇ ಲ್ಯಾಬಿಗೆ ಬಂದಿತ್ತು, ಫ್ರಿಜ್ಜಲ್ಲಿ ಉಳೀಲಿಲ್ಲ. ಅಯೋಡಿನ್ ಸಾಲದೆ ಗ್ರಂಥಿ ಹೆಣಗಾಡಿದ್ರೆ ಥೈರೊಗ್ಲಾಬ್ಯುಲಿನ್ ಅನ್ನೋ ಪ್ರೋಟೀನು ಏರುತ್ತೆ. ಮೂವತ್ತೊಂದು ಜನರಿಗೆ ಏರಿದೆ. ಮೂತ್ರ ಈಚಿನ ಒಂದೆರಡು ದಿನದ್ದು ಹೇಳುತ್ತೆ, ಇದು ವಾರಗಳದ್ದು ಹೇಳುತ್ತೆ. ಮಾತ್ರೆ ಯಾರಿಗೂ ಸಿಕ್ಕಿಲ್ಲ.”

ದೊಡ್ಡ ಸಿಸ್ಟರ್ ಕನ್ನಡಕ ತೆಗೆದರು.

“ನನ್ನ ಮಗಳು ಹೋದ ವರ್ಷ ಆ ಮಾತ್ರೆ ತಗೊಂಡಿದ್ಲು. ಶುರುಮಾಡಿದ ಎರಡನೇ ವಾರಕ್ಕೆ ಗರ್ಭ ಇಳಿದುಹೋಯ್ತು. ಆಮೇಲೆ ಇನ್ನೊಬ್ಬಳ ಕೈಗೆ ಅದನ್ನ ಇಡೋಕೆ ನಂಗೆ ಮನಸ್ಸೇ ಬರ್ಲಿಲ್ಲ. ಡಬ್ಬಿಗಳೆಲ್ಲ ನನ್ನ ಬೀರುವಿನಲ್ಲೇ ಇವೆ. ಪರೀಕ್ಷೆ ಮಾಡ್ತೀರಿ ಅಂದಾಗ ಸಿಕ್ಕಿಬೀಳ್ತೀನಿ ಅಂತ ಗಾಯದ ಔಷಧಿ ಹನಿ ಹಾಕಿದೆ.”

“ಗರ್ಭ ಇಳಿದಿದ್ದು ಮಾತ್ರೆಯಿಂದ ಅಂತ ಯಾವ ಡಾಕ್ಟ್ರಾದ್ರೂ ಹೇಳಿದ್ರಾ?” ಡಾಕ್ಟರಮ್ಮ ಕೇಳಿದರು.

“ಇಲ್ಲ. ನಾನೇ ಅಂದ್ಕೊಂಡೆ.”

“ನನಗೆ ಹೇಳಬಹುದಿತ್ತಲ್ಲ ಸಿಸ್ಟರ್. ನಿಮ್ಮ ಭಯದಿಂದ ನಲವತ್ತು ಮಕ್ಕಳನ್ನ ಅಪಾಯಕ್ಕೆ ಒಡ್ಡಿದ್ರಿ.” ಡಾಕ್ಟರಮ್ಮ ಪೆನ್ನು ತೆಗೆದರು. “ಮೇಲಿನವರಿಗೆ ದೂರು ಬರೀಲೇಬೇಕು. ಬರೀತೀನಿ.”

“ಬರೀರಿ. ಈ ಕೆಲಸ ಮಾತ್ರ ನಾನೇ ಮಾಡ್ತೀನಿ.” ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡು ಬಸುರಿಯರ ಪಟ್ಟಿ ಎಳೆದುಕೊಂಡರು. ಮೊದಲ ನಂಬರು ಒತ್ತಿದರು.

“ಅಮ್ಮಾ, ಆಸ್ಪತ್ರೆಯಿಂದ ದೊಡ್ಡ ಸಿಸ್ಟರ್ ಮಾತಾಡ್ತಿರೋದು. ನಿಮಗೆ ಕೊಡಬೇಕಾದ ಮಾತ್ರೆ ನಾನು ಕೊಟ್ಟಿಲ್ಲ. ತಪ್ಪು ನಂದು. ಇವತ್ತೇ ಬನ್ನಿ.”