ಡ್ರಾಯರಿನೊಳಗಿನ ಸಹಿ

ವಾಲ್ವು ಸಿಡಿದದ್ದು ಬೆಳಗಿನ ಮೊದಲ ಪರೀಕ್ಷೆಯಲ್ಲೇ. ಹಬೆ ಬುಸ್ಸೆಂದು ನುಗ್ಗಿತು. ಟೆಕ್ನಿಷಿಯನ್ ಸುಧನ್ವ ಮುಖ ತಿರುಗಿಸಿದ್ದರಿಂದ ಕಣ್ಣು ಉಳಿಯಿತು. ಬಲಗೈ ಮಾತ್ರ ಮೊಣಕೈವರೆಗೆ ಬೆಂದುಹೋಯಿತು.

ತಿರುವನಂತಪುರದ ಆ ಸಂಶೋಧನಾ ಸಂಸ್ಥೆಯ ವಿಜಿಲೆನ್ಸ್ ಅಧಿಕಾರಿ ಹಯವದನ ಬಂದಾಗ ಸುಧನ್ವನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಒಡೆದ ವಾಲ್ವು ಮೇಜಿನ ಮೇಲಿತ್ತು. ಹಯವದನ ಅದನ್ನು ಉಗುರಿನಿಂದ ಕೆರೆದ. ನೀಲಿ ಬಣ್ಣ ಸಿಪ್ಪೆಯಂತೆ ಎದ್ದುಬಂತು. ಒಳಗೆಲ್ಲ ತುಕ್ಕು.

"ಗುಜರಿ ಮಾಲಿಗೆ ಬಣ್ಣ ಬಳಿದು ಕಳಿಸಿದ್ದಾರಲ್ಲಯ್ಯಾ. ಯಾರು ಪುಣ್ಯಾತ್ಮರು?"

"ಆಲುವದ ಇಬ್ರಾಹಿಂ ಸಾರ್," ಎಂದ ಖರೀದಿ ವಿಭಾಗದ ಮನೋಜ್. ಅವನ ಅಪ್ಪ ಮೈಸೂರಿನಿಂದ ವರ್ಗವಾಗಿ ಬಂದವರು. ಮಗ ಇಲ್ಲೇ ಬೆಳೆದವನು. ಕೆಲಸದಲ್ಲಿ ಚುರುಕು. ಹಯವದನ ಬಾಯಿ ತೆರೆಯುವ ಮೊದಲೇ ಫೈಲು ಮುಂದಿಡುವಷ್ಟು ಚುರುಕು.

ಸಂಸ್ಥೆ ಈಗ ಮೊಳೆಯಿಂದ ಮೋಟರಿನವರೆಗೆ ಎಲ್ಲವನ್ನೂ ಆನ್‌ಲೈನ್ ಖರೀದಿ ಜಾಲದಲ್ಲೇ ಕೊಳ್ಳುತ್ತಿತ್ತು. ಮಾರುವವರು ಅಲ್ಲೇ ದರ ಹಾಕಬೇಕು, ಅಲ್ಲೇ ಡಿಜಿಟಲ್ ಸಹಿ ಮಾಡಬೇಕು. ಅದಕ್ಕೆ ಪೆನ್‌ಡ್ರೈವಿನಂಥ ಒಂದು ಟೋಕನ್. ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಸಹಿ ಬಿತ್ತು. ಮೋಸ ಮಾಡಿದವನನ್ನು ಒಬ್ಬರು ಕಪ್ಪುಪಟ್ಟಿಗೆ ಹಾಕಿದರೆ ಸಾಕು, ಜಾಲದಲ್ಲಿರುವ ಎಲ್ಲ ಕೊಳ್ಳುವವರ ಪರದೆಯ ಮೇಲೂ ಅವನ ಹೆಸರಿನ ಮುಂದೆ ಕೆಂಪು ಗುರುತು. ಆಮೇಲೆ ಅವನು ವಾಲ್ವು ಮಾಡಿದರೂ ಒಂದೇ, ವಡೆ ಕರಿದರೂ ಒಂದೇ.

"ಕಪ್ಪುಪಟ್ಟಿ ಆದೇಶ ಟೈಪ್ ಮಾಡಿಟ್ಟಿದ್ದೀನಿ ಸಾರ್. ನಿಮ್ಮ ಸಹಿ ಹಾಕಿಬಿಡ್ಲಾ?"

ಅದು ದಿನವೂ ಕೇಳುವ ಪ್ರಶ್ನೆ. ಹಯವದನನ ಟೋಕನ್ ಇರುತ್ತಿದ್ದುದು ಮನೋಜನ ಡ್ರಾಯರಿನಲ್ಲಿ. ಪಿನ್ ಕೂಡ ಅವನಿಗೆ ಬಾಯಿಪಾಠ. ರಾಶಿ ರಾಶಿ ಫೈಲುಗಳಿಗೆ ಚುಚ್ಚುತ್ತ, ಒತ್ತುತ್ತ, ಕಾಯುತ್ತ ಕೂರುವವರು ಯಾರು? ನಿಯಮ ಬೇಡ ಎನ್ನುತ್ತಿತ್ತು. ಆದರೂ ಆ ಮಹಡಿಯ ಅಧಿಕಾರಿಗಳಲ್ಲಿ ಅರ್ಧಕ್ಕರ್ಧ ಜನ ಹಾಗೇ ಮಾಡುತ್ತಿದ್ದರು.

"ಇವತ್ತು ಬೇಡ. ಒಂದು ಸಲ ಆಲುವಕ್ಕೆ ಹೋಗಿ ಬರ್ತೀನಿ."

"ಸುಮ್ನೆ ಓಡಾಟ ಸಾರ್. ಸಹಿ ಅವರದ್ದೇ. ದುಡ್ಡು ಹೋಗಬೇಕಾದ ಬ್ಯಾಂಕ್ ಖಾತೆಯೂ ಅವರದ್ದೇ. ಬೇರೆ ಯಾರಾದ್ರೂ ಮಾಡಿದ್ರೆ ದುಡ್ಡು ಇಬ್ರಾಹಿಂಗೆ ಯಾಕೆ ಹೋಗುತ್ತೆ? ಅಂಥ ದಾನಶೂರ ಕಳ್ಳ ಎಲ್ಲಾದ್ರೂ ಇದ್ದಾನಾ?"

ಮಾತು ನ್ಯಾಯವಾಗಿತ್ತು. ಹಯವದನನನ್ನು ರೈಲು ಹತ್ತಿಸಿದ್ದೂ ಅದೇ ಮಾತು. ಎಲ್ಲವೂ ಇಷ್ಟು ಅಚ್ಚುಕಟ್ಟಾಗಿ ಒಬ್ಬನತ್ತಲೇ ಬೆರಳು ತೋರಿಸಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

* * *

ಇಬ್ರಾಹಿಂ ಗಡಿನಾಡು ಉಪ್ಪಳದ ಕಡೆಯವರು, ಕನ್ನಡ ಬಲ್ಲವರು. ಆಲುವದ ಸ್ಟೇಷನ್ ಹಿಂದಿನ ಓಣಿಯಲ್ಲಿ ಅವರ ವರ್ಕ್‌ಶಾಪು. ಲೇತುಗಳು ನಿಂತಿದ್ದವು. ಕೆಲಸದವರು ಬಾಗಿಲಲ್ಲಿ ಗುಂಪಾಗಿ, ಬಂದ ಅಧಿಕಾರಿಯ ಮುಖವನ್ನೇ ನೋಡುತ್ತಿದ್ದರು. ಸುದ್ದಿಗೆ ರೈಲಿಗಿಂತ ವೇಗ ಹೆಚ್ಚು.

"ಎಂತ ಸಾರ್ ಇದು? ಈ ಸೈಜಿನ ವಾಲ್ವು ನಾವು ಮಾಡುದೇ ಇಲ್ಲ. ಅದಕ್ಕೆ ಬೇಕಾದ ಅಚ್ಚೇ ನಮ್ಮಲ್ಲಿ ಇಲ್ಲ. ನಾನು ದರ ಹಾಕ್ಲೇ ಇಲ್ಲ ಮಾರಾಯ್ರೆ!"

"ಸಹಿ ನಿಮ್ಮದೇ ಇದೆಯಲ್ಲ, ಸಾಹೇಬರೇ? ಟೋಕನ್ ಎಲ್ಲಿಡ್ತೀರಿ?"

ಇಬ್ರಾಹಿಂ ಅಂಗಿ ಎತ್ತಿ ಸೊಂಟದ ಪಟ್ಟಿಯಿಂದ ಬೀಗದ ಕೈ ತೆಗೆದರು. "ಕಪಾಟಿನಲ್ಲಿ. ಕೀ ನನ್ನ ಮೈ ಬಿಟ್ಟು ಹೋಗುದಿಲ್ಲ. ನಿದ್ದೆಯಲ್ಲೂ."

"ದರ ಹಾಕಿದ್ದು ಶುಕ್ರವಾರ ಮಧ್ಯಾಹ್ನ."

"ಶುಕ್ರವಾರ ಮಧ್ಯಾಹ್ನ ಇಲ್ಲಿ ನೊಣವೂ ಇರುದಿಲ್ಲ ಸಾರ್. ಬಾಗಿಲು ಹಾಕಿ ಎಲ್ಲ ಜುಮ್ಮಾ ನಮಾಜಿಗೆ ಹೋಗ್ತೇವೆ."

"ಎಲ್ಲರೂ?"

ಇಬ್ರಾಹಿಂರ ಕಣ್ಣು ಮೂಲೆಯಲ್ಲಿ ನಿಂತಿದ್ದ ಅಣ್ಣನ ಮಗ ಇರ್ಫಾನನ ಕಡೆ ಹೋಯಿತು. ಕಂಪ್ಯೂಟರಿನ ಕೆಲಸವೆಲ್ಲ ಅವನದೇ. ಪಿನ್ ಗೊತ್ತು. ಆ ಶುಕ್ರವಾರ ಅವನು ಮಸೀದಿಗೆ ಬಂದಿರಲಿಲ್ಲ.

"ಞಾನಲ್ಲ ಸಾರ್!" ಇರ್ಫಾನ್ ಮಲಯಾಳದಲ್ಲೇ ಕೂಗಿದ. ಆಮೇಲೆ ಚಿಕ್ಕಪ್ಪನ ಮುಖ ನೋಡಿ ಕನ್ನಡಕ್ಕೆ ಇಳಿದ. "ನಾನಲ್ಲ. ನಾನು ಇಂಟರ್‌ವ್ಯೂಗೆ ಹೋದದ್ದು. ತ್ರಿಪ್ಪುಣಿತ್ತುರಕ್ಕೆ. ಧ್ರುವ ಅಂತ ಒಬ್ಬರು, ಅವರದ್ದೂ ವಾಲ್ವಿನ ಕಂಪನಿ."

ಇಬ್ರಾಹಿಂ ಕುರ್ಚಿ ಎಳೆದು ಕೂತರು. ಧ್ರುವ ಅವರ ಎದುರಾಳಿ. ಸಂಸ್ಥೆಯ ವರ್ಷದ ದೊಡ್ಡ ಗುತ್ತಿಗೆಯ ದರಗಳು ಮರುದಿನ ತೆರೆಯಲಿದ್ದವು. ಕಣದಲ್ಲಿ ಉಳಿದಿದ್ದವರು ಇವರಿಬ್ಬರೇ.

"ಅಲ್ಲಿ ಏನಂದ್ರು?" ಕೇಳಿದ ಹಯವದನ.

"ಬೇಗ ಸೇರ್ಕೋ ಅಂದ್ರು. ನಿನ್ನ ಚಿಕ್ಕಪ್ಪಂದು ಹೇಗೂ ಮುಚ್ಚಿ ಹೋಗ್ತದೆ ಅಂದ್ರು."

ವಾಲ್ವು ಸಿಡಿಯುವುದಕ್ಕೆ ಎಷ್ಟೋ ದಿನ ಮೊದಲು ಆಡಿದ ಮಾತದು. ಹಯವದನ ಅದನ್ನು ತಲೆಯಲ್ಲಿಟ್ಟುಕೊಂಡ. ಇಬ್ರಾಹಿಂರ ಟೋಕನ್ ಚುಚ್ಚಿಸಿ, ಒಳಗಿನ ಕ್ರಮಸಂಖ್ಯೆಯನ್ನು ತಾನು ತಂದಿದ್ದ ಆರ್ಡರಿನ ಸಹಿಯ ಸಂಖ್ಯೆಯ ಪಕ್ಕಕ್ಕಿಟ್ಟ. ಹೆಸರು ಒಂದೇ. ಸಂಖ್ಯೆ ಬೇರೆ.

"ಸಾಹೇಬರೇ, ನಿಮ್ಮ ಹೆಸರಲ್ಲಿ ಎರಡು ಟೋಕನ್ ಇವೆ."

"ಅದು ಹೇಗೆ ಆಗ್ತದೆ? ಕ್ಯಾಮರಾ ಮುಂದೆ ನಿಂತು ಹೆಸರು ಹೇಳಿದ್ರೆ ಮಾತ್ರ ಕೊಡುದಲ್ವಾ?" ಎಂದವರು ಹಣೆ ಉಜ್ಜಿಕೊಂಡರು. "ಎರಡು ಸಲ ಹೇಳಿದೆ ಸಾರ್. ಪಾಲಾರಿವಟ್ಟದ ಹೋಟೆಲಿನಲ್ಲಿ ನಿಮ್ಮ ಸಂಸ್ಥೆಯವರೇ ಕ್ಯಾಂಪ್ ಮಾಡಿದ್ರು, ಸಣ್ಣ ಕಂಪನಿಯವರನ್ನು ಜಾಲಕ್ಕೆ ಸೇರಿಸ್ಲಿಕ್ಕೆ. ಮೊದಲ ವಿಡಿಯೋದಲ್ಲಿ ಬೆಳಕು ಸರಿ ಬರ್ಲಿಲ್ಲ, ಇನ್ನೊಮ್ಮೆ ಮಾಡುವ ಅಂದ್ರು. ನನ್ನ ಫೋನೂ ಅವರ ಕೈಯಲ್ಲೇ ಇತ್ತು. ಪಾಪ, ಕನ್ನಡ ಮಾತಾಡುವ ಒಳ್ಳೇ ಜನ. ಚಹಾ ಕೂಡ ಅವರೇ ತಂದುಕೊಟ್ರು."

* * *

ಹಯವದನ ಅಂಗಳಕ್ಕೆ ಬಂದು ಮನೋಜನಿಗೆ ಫೋನು ಮಾಡಿದ.

"ಟೋಕನ್ ಸಂಖ್ಯೆ ತಾಳೆ ಆಗ್ತಿಲ್ಲ ಕಣಯ್ಯಾ. ಫೈಲು ಮುಟ್ಟಬೇಡ. ಪಾಲಾರಿವಟ್ಟದ ಕ್ಯಾಂಪಿಗೆ ನಮ್ಮವರು ಯಾರು ಹೋಗಿದ್ರು?"

"ನಿರ್ಮಲ ಮೇಡಂ ಸಾರ್. ರಿಟೈರ್ ಆದ್ರಲ್ಲ, ಅವರು."

ಒಳಗೆ ಬಂದು ಕೂತು ಹಯವದನ ಚಹಾ ಕುಡಿದ. ಲೋಟ ಖಾಲಿಯಾಗಿರಲಿಲ್ಲ, ಇರ್ಫಾನ್ ಕಂಪ್ಯೂಟರಿನ ಮುಂದೆ ಚೀರಿದ. ಪರದೆಯ ಮೇಲೆ ವರ್ಕ್‌ಶಾಪಿನ ಹೆಸರಿನ ಮುಂದೆ ಕೆಂಪು ಗುರುತು ಮೂಡಿತ್ತು. ಕೆಳಗೆ ಆದೇಶ. ಆದೇಶದ ಕೆಳಗೆ ಸಹಿ: ಹಯವದನ, ವಿಜಿಲೆನ್ಸ್ ಅಧಿಕಾರಿ.

ಇಬ್ರಾಹಿಂ ಕನ್ನಡಕ ಹಾಕಿ ಓದಿದರು. ಮತ್ತೊಮ್ಮೆ ಓದಿದರು. ಸಿಟ್ಟಾಗಲಿಲ್ಲ. ಮಗುವಿನಂತೆ ಕೇಳಿದರು. "ಇದರಲ್ಲಿ ನಿಮ್ಮ ಹೆಸರುಂಟಲ್ಲ ಸಾರ್. ನೀವು ಇಲ್ಲೇ ಕೂತಿದ್ದೀರಲ್ಲ?"

ಹಯವದನ ಪರದೆಯ ಮೇಲಿನ ತನ್ನ ಹೆಸರನ್ನೇ ನೋಡಿದ. ತಾನು ಬಂದಾಗಿನಿಂದ ಈ ಮನುಷ್ಯ ಹೇಳುತ್ತಿದ್ದುದು ಇದನ್ನೇ. ಸಹಿ ನನ್ನದು, ಹಾಕಿದವನು ನಾನಲ್ಲ ಅಂತ.

ಫೋನು ಬಡಿದುಕೊಂಡಿತು. ಮನೋಜ್.

"ಹಾಕಿಬಿಟ್ಟೆ ಸಾರ್. ನಿಮಗೆ ತೊಂದರೆ ಬೇಡ ಅಂತ."

"ಬೇಡ ಅಂದಿದ್ದೆ."

"ಅದನ್ನ ಯಾರ ಹತ್ರ ಹೇಳ್ತೀರಾ ಸಾರ್?" ದನಿ ಮೆತ್ತಗಿತ್ತು, ವಿನಯವೂ ಇತ್ತು. "ಟೋಕನ್ನೂ ಪಿನ್ನೂ ಬೇರೆಯವನ ಕೈಯಲ್ಲಿ ಕೊಟ್ಟಿದ್ದೆ ಅಂತ ಬರೆದುಕೊಡ್ತೀರಾ? ಅಂದ ಹಾಗೆ, ನಿಮ್ಮ ಮೈಸೂರು ವರ್ಗಾವಣೆ ಆರ್ಡರ್ ಈಗಷ್ಟೇ ಬಂತು. ಊಟ ಮುಗಿಸಿ ಬಂದು ಪ್ರಿಂಟ್ ತೆಗೆದಿಡ್ತೀನಿ."

ಹಯವದನ ಫೋನು ಕೆಳಗಿಟ್ಟ. ಮೈಸೂರಿಗಾಗಿ ಹೆಂಡತಿ ರಾಜಲಕ್ಷ್ಮಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ ಆ ದೇವರುಗಳಿಗೇ ಗೊತ್ತು. ಬಾಯಿ ಮುಚ್ಚಿಕೊಂಡರೆ ಮೈಸೂರು. ಬಾಯಿ ಬಿಟ್ಟರೆ ಇಲಾಖಾ ವಿಚಾರಣೆ. ಅವನಿಗೆ ಭಯವಾಯಿತು. ಸುಳ್ಳೇಕೆ, ಆಸೆಯೂ ಆಯಿತು.

ಬಾಗಿಲಲ್ಲಿ ಕೆಲಸದವರು ಇನ್ನೂ ನಿಂತೇ ಇದ್ದರು. ಇಬ್ರಾಹಿಂರ ಫೋನಿಗೆ ಕೋಳಿಕ್ಕೋಡಿನ ಗಿರಾಕಿಯೊಬ್ಬನ ಕರೆ ಬಂತು. "ಅದು ತಪ್ಪು ಗುರುತು, ಒಂದು ದಿನ ಕಾಯಿರಿ," ಎಂದು ಬೇಡುತ್ತಿದ್ದಂತೆಯೇ ಆ ಕಡೆಯವನು ಇಟ್ಟುಬಿಟ್ಟ.

ಹಯವದನ ಖರೀದಿ ವಿಭಾಗದ ಮುಖ್ಯಸ್ಥೆ ಅಪರ್ಣಾಗೆ ಫೋನು ಹಚ್ಚಿದ. ಇಬ್ರಾಹಿಂರ ಎದುರೇ ಮಾತಾಡಿದ.

"ಮೇಡಂ, ಮನೋಜ್ ಊಟಕ್ಕೆ ಹೋಗಿರ್ತಾನೆ. ಅವನು ಬರೋದ್ರೊಳಗೆ ಅವನ ಡ್ರಾಯರಿಗೆ ಸೀಲ್ ಹಾಕಿಸಿ. ನನ್ನ ಟೋಕನ್ ಅದರಲ್ಲಿದೆ. ಪಿನ್ ನಾನೇ ಕೊಟ್ಟಿದ್ದು. ಹೌದು ಮೇಡಂ, ತಪ್ಪು ನನ್ನದು. ಬರೆದುಕೊಡ್ತೀನಿ."

* * *

ಇಳಿಸಂಜೆ ಹಯವದನ ತಿರುವನಂತಪುರಕ್ಕೆ ಮರಳಿದ ಮೇಲೆ ಅಪರ್ಣಾ ಸೀಲು ಒಡೆಸಿದರು. ಡ್ರಾಯರಿನಲ್ಲಿ ಬಾಳೆಕಾಯಿ ಚಿಪ್ಸಿನ ಡಬ್ಬಿ. ಡಬ್ಬಿಯೊಳಗೆ ಅಧಿಕಾರಿಗಳ ಟೋಕನ್‌ಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಚೀಟಿ ಇಲ್ಲದ್ದು ಒಂದೇ. ಅದನ್ನು ಚುಚ್ಚಿದರು. ತೆರೆದ ಹೆಸರು: ಇಬ್ರಾಹಿಂ. ಕ್ರಮಸಂಖ್ಯೆ ಆರ್ಡರಿನದೇ.

"ಸಾರ್ ಹೇಳಿದ್ದನ್ನ ಮಾಡಿದೆ ಅಷ್ಟೇ," ಎಂದ ಮನೋಜ್. "ಇದು ಇಲ್ಲಿಗೆ ಹೇಗೆ ಬಂತೋ ನಂಗೊತ್ತಿಲ್ಲ."

"ನಾನು ಹೇಳ್ತೀನಿ," ಎಂದ ಹಯವದನ. "ಕ್ಯಾಂಪಿಗೆ ಹೋಗಿದ್ದು ನೀನು. ನಿರ್ಮಲ ಮೇಡಂಗೆ ನಾನು ರೈಲಿನಿಂದಲೇ ಫೋನ್ ಮಾಡಿ ಕೇಳಿದೆ. ಕ್ಯಾಂಪಿನಲ್ಲಿ ಸಾಹೇಬರ ಹತ್ರ ಕನ್ನಡದಲ್ಲಿ ಮಾತಾಡಿದ್ರಂತೆ, ಮೇಡಂಗೆ ಕನ್ನಡದ ಒಂದಕ್ಷರ ಬರಲ್ಲ. ನೀನು ಎರಡನೇ ವಿಡಿಯೋದಿಂದ ಎರಡನೇ ಟೋಕನ್ ಮಾಡಿಸಿದೆ. ಓಟಿಪಿ ಬರೋ ಇಬ್ರಾಹಿಂರ ಫೋನೂ ನಿನ್ನ ಕೈಯಲ್ಲೇ ಇತ್ತು. ಅವರ ಹೆಸರಲ್ಲಿ ದರ ಹಾಕಿದೆ, ಆದ್ರೆ ಜುಮ್ಮಾ ನೆನಪಾಗಲಿಲ್ಲ. ಗುಜರಿ ವಾಲ್ವು ಕಳಿಸಿದ್ದು ಧ್ರುವ. ನಿನ್ನ ಹೆಂಡತಿಯ ಅಣ್ಣ. ನಿನ್ನ ಗೃಹಪ್ರವೇಶದಲ್ಲಿ ನನಗೆ ಪಾಯಸ ಬಡಿಸಿದ್ದ, ರೈಲಿನಲ್ಲಿ ನೆನಪಾಯ್ತು."

"ದುಡ್ಡು ಇಬ್ರಾಹಿಂ ಖಾತೆಗೇ ಹೋಗ್ತಿತ್ತಲ್ಲ?" ಕೇಳಿದರು ಅಪರ್ಣಾ.

"ಇವರಿಗೆ ಬೇಕಾಗಿದ್ದು ಆ ದುಡ್ಡಲ್ಲ ಮೇಡಂ. ಕೆಂಪು ಗುರುತು. ಅದು ಬಿದ್ರೆ ನಾಳೆಯ ಗುತ್ತಿಗೆಗೆ ಧ್ರುವ ಒಬ್ಬನೇ. ವಾಲ್ವು ಕೆಡಬೇಕು ಅಂತಲೇ ಕಳಿಸಿದ್ದು. ಸುಧನ್ವನ ಕೈ ಇವರ ಲೆಕ್ಕದಲ್ಲೇ ಇರಲಿಲ್ಲ. ನಾನು ಬಾಯಿ ಮುಚ್ಕೋತೀನಿ ಅನ್ನೋದು ಮಾತ್ರ ಲೆಕ್ಕದಲ್ಲಿತ್ತು."

ಪೊಲೀಸರು ಬರುವವರೆಗೂ ಮನೋಜ್ ಖಾಲಿ ಡ್ರಾಯರನ್ನೇ ನೋಡುತ್ತಿದ್ದ. ಅಷ್ಟು ದಿನ ಅವನಿಗೆ ಕೊಟ್ಟ ಸಲಿಗೆ ನೆನೆದು ಹಯವದನನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು.

* * *

ಕೆಂಪು ಗುರುತು ಆ ರಾತ್ರಿಯೇ ಅಳಿಸಿಹೋಯಿತು. ಮರುದಿನ ದರ ತೆರೆದಾಗ ಇಬ್ರಾಹಿಂ ಕಣದಲ್ಲಿದ್ದರು. ಕೋಳಿಕ್ಕೋಡಿನ ಗಿರಾಕಿ ಮಾತ್ರ ಮರಳಿ ಬರಲಿಲ್ಲ. ಹಯವದನನಿಗೆ ವಿಚಾರಣೆಯ ನೋಟಿಸು ಬಂತು, ಮೈಸೂರು ರದ್ದಾಯಿತು.

ರಾಜಲಕ್ಷ್ಮಿ ಕಟ್ಟಿದ್ದ ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿದಳು. ಆಮೇಲೆ ಹೊಸ ಟೋಕನ್ ಎದುರಿಗಿಟ್ಟುಕೊಂಡು ಕೂತಿದ್ದ ಗಂಡನನ್ನು ನೋಡಿದಳು.

"ಇದನ್ನಿನ್ನು ಯಾರ ಡ್ರಾಯರಿನಲ್ಲಿಡ್ತೀರಿ?"

"ಆಲುವದ ಆ ಸಾಹೇಬರು ಬೀಗದ ಕೈ ಸೊಂಟದಲ್ಲೇ ಇಟ್ಕೋತಾರೆ ಕಣೇ. ನಿದ್ದೆಯಲ್ಲೂ."

"ನಿಮ್ಮಪ್ಪ ಜನಿವಾರಕ್ಕೆ ಕಟ್ಕೋತಿದ್ರು. ನೀವು ಅದನ್ನ ಹಳ್ಳಿ ಗುಗ್ಗುತನ ಅಂತ ನಗ್ತಿದ್ರಿ," ಎಂದು ಅವಳು ಒಳಗೆ ಹೋದಳು.

ಹಯವದನ ಬಾಗಿಲ ಕಡೆ ಒಮ್ಮೆ ನೋಡಿದ. ಅಂಗಿಯ ಗುಂಡಿ ಬಿಚ್ಚಿ, ಜನಿವಾರವನ್ನು ಹೊರಗೆಳೆದು, ಟೋಕನ್ನಿನ ತೂತಿಗೆ ಪೋಣಿಸಿ ಬಿಗಿಯಾಗಿ ಗಂಟು ಹಾಕಿಕೊಂಡ.