ನೂರ ಹದಿನೇಳನೇ ಸೆಟ್

ಮಂಗಳವಾರ ಬೆಳಿಗ್ಗೆ 10.15ಕ್ಕೆ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಮುಖ್ಯಸ್ಥರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಒಂಬತ್ತು ದಿನಗಳಿಂದ ಯಾರೋ ಅಪರಿಚಿತ ತಮ್ಮ ವೈರ್‌ಲೆಸ್‌ನಲ್ಲಿ ಬಂದು, ಇಂಥ ಗಾಡಿ ಇಂಥಲ್ಲಿ ನಿಂತಿದೆ ಎಂದು ಹೇಳುತ್ತಿದ್ದಾನೆ.

"ನಾಳೆ ಸುಳ್ಳು ಹೇಳಿ ಗಾಡಿ ದಾರಿ ತಪ್ಪಿಸಿದ್ರೆ ಒಂದು ಜೀವ ಹೋಗುತ್ತೆ," ಎಂದರು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ವೈರ್‌ಲೆಸ್ ವಿಭಾಗದ ಮಹಿಳಾ ಕಾನ್‌ಸ್ಟೆಬಲ್ ಒಬ್ಬಳನ್ನು ಜೊತೆಗೆ ಕರೆದುಕೊಂಡರು. ಠಾಣೆಯಲ್ಲಿ ಅವಳ ಅಡ್ಡಹೆಸರು ಆಂಟೆನಾ. ಅಷ್ಟು ಉದ್ದ ಇದ್ದಳು, ಕೆಲಸದಲ್ಲೂ ಅಷ್ಟೇ ಚುರುಕು.

10.50. ಕಂಟ್ರೋಲ್ ರೂಮಿನ ಯಂತ್ರದಲ್ಲಿ ಮಾತಾಡಿದ ಸೆಟ್‌ನ ಸಂಖ್ಯೆ ಮೂಡುತ್ತದೆ. ಅಪರಿಚಿತನ ಸಂಖ್ಯೆ 117. ರಿಜಿಸ್ಟರ್ ತೆಗೆದರೆ, 117 ಎರಡು ವರ್ಷದ ಹಿಂದೆಯೇ "ನಿರುಪಯುಕ್ತ" ಎಂದು ಗುಜರಿಗೆ ಸೇರಿತ್ತು. ಸ್ಟೋರಿನಲ್ಲಿ ಅದರ ಡಬ್ಬಿ ಖಾಲಿ. ಪಂಚನಾಮೆ ಆಯಿತು.

"ಅವನು ಹೇಳಿದ್ರಲ್ಲಿ ಸುಳ್ಳೆಷ್ಟು?" ಇನ್‌ಸ್ಪೆಕ್ಟರ್ ಆಪರೇಟರನ್ನು ಕೇಳಿದರು.

"ಒಂದೂ ಇಲ್ಲ ಸರ್. ಎಲ್ಲಾ ಈಚೆಗೆ ಹೊಸ ಸೆಟ್ ಹಾಕಿದ ಐದು ಗಾಡಿಗಳದ್ದೇ."

ಮುಖ್ಯಸ್ಥರು ಕಿಟಕಿಯ ಕಡೆ ನೋಡಿದರು.

ಮೂರನೇ ಗಾಡಿಯ ಡ್ರೈವರ್‌ನನ್ನು ಕರೆಸಿದರು.

"ಕಂಟ್ರೋಲ್ ನಿಮಗೆ ಉತ್ತರ ಕೊಡುತ್ತಾ?"

"ಒಬ್ರು ಕೊಡ್ತಾರೆ ಸರ್. 'ಕೇಳಿಸ್ತು, ಹೇಳ್ತೀನಿ' ಅಂತಾರೆ. ಹೊಸ ಆಪರೇಟರ್ ಅಂದ್ಕೊಂಡಿದ್ದೆ. ಪಾಪ, ಊಟಕ್ಕೂ ಎದ್ದೋಗಲ್ಲ."

ಆಂಟೆನಾ ಆ ಗಾಡಿಯ ಹೊಸ ಸೆಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಅದರ ಪ್ರೋಗ್ರಾಂ ಓದಿದಳು. ಐದನ್ನೂ ಓದಿದ ಮೇಲೆ ಮಾತಾಡಿದಳು.

"ಸರ್, ಮಾತನ್ನ ದೂರಕ್ಕೆ ದಾಟಿಸೋ ಈ ರಿಪೀಟರ್ ಒಂದೇ ಫ್ರೀಕ್ವೆನ್ಸಿಯನ್ನ ಎರಡು ಸ್ಲಾಟ್ ಮಾಡಿ, ಸರದಿ ಮೇಲೆ ಇಬ್ಬರಿಗೆ ಹಂಚುತ್ತೆ. ಒಂದನೇದು ಗಾಡಿ ರಿಪೇರಿ ವರ್ಕ್‌ಶಾಪ್‌ಗೆ, ಎರಡನೇದು ಕಂಟ್ರೋಲ್‌ಗೆ. ಸೆಟ್ ಹಾಕಿದ ಕಂಟ್ರಾಕ್ಟರ್ ಹೊಸ ಐದಕ್ಕೂ ಒಂದನೇದು ತುಂಬಿಟ್ಟಿದ್ದಾನೆ. ಗುಂಡಿ ಒತ್ತಿದ್ರೆ ಬೀಪ್ ಬರುತ್ತೆ, ಎಲ್ಲ ಸರಿ ಅನ್ಸುತ್ತೆ. ಕಂಟ್ರೋಲ್‌ಗೆ ಮಾತ್ರ ಏನೂ ಕೇಳ್ಸಲ್ಲ."

"ವರ್ಕ್‌ಶಾಪ್‌ನೋರಿಗೆ?"

"ಕಂಪ್ರೆಸರ್ ಸದ್ದಿಗೆ ಅವರು ಸೆಟ್ಟೇ ಆನ್ ಮಾಡಲ್ಲ. 117 ಒಂದರಲ್ಲಿ ಕೇಳಿ ಎರಡರಲ್ಲಿ ದಾಟಿಸ್ತಿದೆ. ಸತ್ತ ಸೆಟ್ ಎಬ್ಬಿಸಿ ಹಾಗೆ ಪ್ರೋಗ್ರಾಂ ಮಾಡೋಕೆ ಈ ಊರಲ್ಲಿ ಬರೋದು ಇಬ್ಬರಿಗೆ. ಒಬ್ಬಳು ನಾನು."

"ಇನ್ನೊಬ್ಬ?"

"ನಮ್ಮಪ್ಪ. ಇಲ್ಲೇ ವೈರ್‌ಲೆಸ್ ಮೆಕ್ಯಾನಿಕ್ ಆಗಿದ್ರು, ಎರಡು ವರ್ಷದ ಹಿಂದೆ ರಿಟೈರ್ ಆದ್ರು."

ಲ್ಯಾಪ್‌ಟಾಪ್‌ನಿಂದ ಕೈ ತೆಗೆಯದೆಯೇ ಹೇಳಿದಳು. ಇನ್‌ಸ್ಪೆಕ್ಟರಿಗೆ ಅವಳ ಮೇಲೆ ಅಭಿಮಾನ ಉಕ್ಕಿಬಂತು. ತೋರಿಸಿಕೊಳ್ಳಲಿಲ್ಲ.

"ವರದಿ ಬರೆದು ಕೊಡು. ಮುಂದಿನದಕ್ಕೆ ನೀನು ಬೇಡ."

"ಸರಿ ಸರ್. ಅಷ್ಟರಲ್ಲಿ ಈ ಐದು ಸೆಟ್ ಸರಿಮಾಡ್ಲಾ?"

ಮಧ್ಯಾಹ್ನ 2.40. ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರು ಆಂಟೆನಾಳ ಅಪ್ಪನ ಮನೆಗೆ ಹೋದಾಗ ಮುದುಕ ಮೇಜಿನ ಮುಂದೆ ಕೂತಿದ್ದ. 117 ಎದುರಿಗೇ ಇತ್ತು, ಮುಚ್ಚಿಡುವ ಗೋಜಿಗೂ ಹೋಗಿರಲಿಲ್ಲ.

"ಪತ್ತೆ ಹಚ್ಚಿದ್ದು ಯಾರು?" ಎಂದು ಅವನೇ ಮೊದಲು ಕೇಳಿದ.

"ನಿಮ್ಮ ಮಗಳು. ಎರಡು ಗಂಟೆಲಿ."

"ಎರಡು ಗಂಟೆನಾ? ಲ್ಯಾಪ್‌ಟಾಪ್ ಹಳೇದಿರ್ಬೇಕು," ಎಂದ. ಮುಖ ಅರಳಿದ್ದನ್ನು ಅಡಗಿಸಲು ಕನ್ನಡಕ ಒರೆಸಿದ.

"ಸೆಟ್ ಕದ್ದಿದ್ದು ಯಾಕೆ?"

"ರಿಪೇರಿ ಆಗಲ್ಲ ಅಂತ ಬರೆದ್ರು. ಆಗುತ್ತೆ ಅಂತ ನನಗೆ ಗೊತ್ತಿತ್ತು. ಎರಡು ವರ್ಷ ಬರೀ ಕೇಳ್ತಿದ್ದೆ."

"ಮಾತಾಡಿದ್ದು?"

"ಮೂರನೇ ಗಾಡಿಯವನು ಯಾವುದೋ ಕಟ್ಟಡದ ನೆಲಮಾಳಿಗೆಯಿಂದ ಹನ್ನೊಂದು ಸಲ ಕೂಗಿದ. ಅಲ್ಲಿ ಫೋನೂ ಸಿಗಲ್ಲ. ಯಾರೂ ಓಗೊಡ್ಲಿಲ್ಲ. ಮುಖ್ಯಸ್ಥರಿಗೆ ಪತ್ರ ಬರೆದೆ."

ವಾಪಸ್ ಬಂದಿದ್ದ ಆ ಪತ್ರ ಡ್ರಾಯರಿನಲ್ಲಿ ಸಿಕ್ಕಿತು. ಅಂಚಿನಲ್ಲಿ ದೂರು ಕೊಟ್ಟ ಮುಖ್ಯಸ್ಥರದೇ ಕೈಬರಹ: "ಅನಗತ್ಯ ಹಸ್ತಕ್ಷೇಪ."

"ಮಗಳಿಗೆ ಹೇಳ್ಬಹುದಿತ್ತಲ್ಲ?"

"ಕದ್ದ ಸೆಟ್ಟಿನ ಗುಟ್ಟು ಅವಳು ಹೊರಬೇಕಾಗ್ತಿತ್ತು. ಅವಳ ಯೂನಿಫಾರಂಗೆ ಮಸಿ ಬಳಿಯೋದಾ?"

ಹೆಡ್ ಕಾನ್‌ಸ್ಟೆಬಲ್ ಜಪ್ತಿ ಪಂಚನಾಮೆ ಬರೆಯತೊಡಗಿದರು. "ನಿರುಪಯುಕ್ತ ವೈರ್‌ಲೆಸ್ ಸೆಟ್ ಒಂದು..."

"ಅದೊಂದು ಬರೀಬೇಡಿ," ಮುದುಕ ಅಂದ. "ಬೇಕಾದ್ರೆ ಜೈಲಿಗೆ ಹಾಕಿ. ಅದು ಕೆಲಸ ಮಾಡುತ್ತೆ."

ಇನ್‌ಸ್ಪೆಕ್ಟರ್ ಫೋನಿನಲ್ಲಿ ಕಂಟ್ರೋಲ್ ರೂಮಿನ ಒಪ್ಪಿಗೆ ಪಡೆದು, ಸೆಟ್ಟನ್ನು ಎರಡನೇ ಸ್ಲಾಟಿಗೆ ತಿರುಗಿಸಿ ಗುಂಡಿ ಒತ್ತಿದರು. "117ರಿಂದ ಪರೀಕ್ಷೆ. ಯಾರಿಗಾದ್ರೂ ಕೇಳಿಸ್ತಿದ್ಯಾ?"

ಸೆಟ್ಟಿನಿಂದ ಹೆಣ್ಣುದನಿ ಬಂತು: "ಮೂರನೇ ಗಾಡಿಯಿಂದ. ಸ್ಪಷ್ಟವಾಗಿ ಕೇಳಿಸ್ತಿದೆ ಸರ್. ಐದೂ ಸೆಟ್ ಸರಿಯಾಗಿವೆ."

ಮುದುಕನ ಕಣ್ಣು ತುಂಬಿತು. "ಎರಡನೇ ಸ್ಲಾಟ್," ಎಂದ ಪಂಚರ ಕಡೆ ತಿರುಗಿ. "ನನ್ನ ಮಗಳು."

3.25ಕ್ಕೆ ದಸ್ತಗಿರಿ ಆಯಿತು. ಆರೋಪಿಯ ಉದ್ದೇಶ ಎಂಬ ಕಡೆ ಇನ್‌ಸ್ಪೆಕ್ಟರ್ ತಮ್ಮ ಕೈಯಾರೆ ಬರೆದರು: ಕೂಗಿದವರಿಗೆ ಯಾರಾದರೊಬ್ಬರು ಓಗೊಡಲಿ ಎಂಬುದು. ಪಂಚನಾಮೆಯಲ್ಲಿ ಹೆಡ್ ಕಾನ್‌ಸ್ಟೆಬಲ್ "ನಿರುಪಯುಕ್ತ" ಎಂಬುದನ್ನು ಹೊಡೆದು ಹಾಕಿ, "ಸುಸ್ಥಿತಿಯಲ್ಲಿದೆ" ಎಂದು ತಿದ್ದಿ, ಪಕ್ಕದಲ್ಲಿ ಸಹಿ ಮಾಡಿದರು.